ಕಿತ್ತುಬಿಡಿ ಡಾಕ್ಟ್ರೇ

ನಿನ್ನೆ ಸಂಜೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹೌದು, ಅದೇ ಹಲ್ಲು. ಎಡಗಡೆ, ಕೆಳಗೆ, ಹಿಂದಿನಿಂದ ಎರಡನೆಯದು. ಇಲ್ಲಿ ನನ್ನ ಪೋಸ್ಟ್ ಓದುತ್ತಾ ಬಂದಿರೋ ಹಳಬರಿಗೆ ಅದರ ಜಾತಕವೇ ಗೊತ್ತು, ಮತ್ತೆ ಓದಿಸುವುದಿಲ್ಲ. ಈಗ ಬರೆಯೋಕೆ ಕೂತಿದ್ದು ನನಗಿಂತ ಮುಂಚೆ ಒಳಗೆ ಹೋದ ಒಬ್ಬ ಹೆಂಗಸಿನ ಬಗ್ಗೆ.

ನಾನು ಕೂತ ಬೆಂಚಿಗೂ ಒಳಗಿನ ಕುರ್ಚಿಗೂ ನಡುವೆ ಇದ್ದದ್ದು ಅರ್ಧ ಎತ್ತರದ ಮರೆ. ಮಾತೆಲ್ಲಾ ಕೇಳುತ್ತಿತ್ತು. ಡಾಕ್ಟರು ಎಕ್ಸ್‌ರೇ ತೋರಿಸಿ ನಿಧಾನವಾಗಿ ಹೇಳಿದರು: "ಬೇರು ಚೆನ್ನಾಗಿದೆಯಮ್ಮ, ಹಲ್ಲು ಉಳಿಸಬಹುದು. ರೂಟ್ ಕೆನಾಲ್ ಮಾಡಿ, ಅಂದರೆ ಒಳಗಿನ ಕೆಟ್ಟ ತಿರುಳು ತೆಗೆದು ತುಂಬಿಸಿ, ಮೇಲೊಂದು ಕ್ಯಾಪ್ ಹಾಕಿದರೆ ಎಷ್ಟೋ ವರ್ಷ ಬರುತ್ತೆ." ಆಕೆ ಕೇಳಿದ್ದು ಎರಡೇ ಪ್ರಶ್ನೆ. ಅದಕ್ಕೆಷ್ಟು? ಕೀಳೋಕೆಷ್ಟು? ಎರಡೂ ಲೆಕ್ಕ ಕೇಳಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಪರ್ಸಿನ ಜಿಪ್ ಎಳೆದ ಸದ್ದು ಬಂತು. ಮತ್ತೆ ಮುಚ್ಚಿದ ಸದ್ದು.

"ಕಿತ್ತುಬಿಡಿ ಡಾಕ್ಟ್ರೇ."

ಉಳಿಯೋ ಹಲ್ಲು. ಬೇರು ಗಟ್ಟಿಯಾಗಿರೋ ಹಲ್ಲು. ಆಕೆಗೆ ಮೂವತ್ತೈದು ದಾಟಿರಲಿಕ್ಕಿಲ್ಲ.

ರಾತ್ರಿಯಿಡೀ ನನಗೆ ಇದೇ ತಲೆಯಲ್ಲಿ. ಕೈಬೆರಳು ಮುರಿದವರಿಗೆ ಯಾರಾದರೂ "ಪ್ಲಾಸ್ಟರ್ ದುಬಾರಿ, ಬೆರಳೇ ಕತ್ತರಿಸಿಬಿಡೋಣ" ಅಂತಾರಾ? ಕಿವಿ ಸೋರಿದರೆ ಕಿವಿ ಕೊಯ್ತಾರಾ? ಹಲ್ಲಿಗೆ ಮಾತ್ರ ಈ ನ್ಯಾಯ. ಹಲ್ಲು ಮೈಗೆ ಸೇರಿದ್ದಲ್ಲ ಅನ್ನೋ ಥರ. ಬಾಡಿಗೆಗೆ ಬಂದು ಬಾಯಲ್ಲಿ ಕೂತಿರೋ ಯಾರೋ ಮೂವತ್ತೆರಡು ಜನ ಅನ್ನೋ ಥರ.

ಸುಮ್ನೆ ಹೇಳ್ತಿಲ್ಲ. ಅಮೆರಿಕದಲ್ಲಿ 1965ರಲ್ಲಿ ವಯಸ್ಸಾದವರಿಗೆ ಅಂತ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆಯ ಕಾನೂನು ಬಂತು. ಹೃದಯ ಸೇರಿತು, ಮೂಳೆ ಸೇರಿತು. ಹಲ್ಲು ತುಂಬಿಸೋದು, ಕೀಳೋದು, ಕಟ್ಟಿಸೋದು ಎಲ್ಲಾ ಹೊರಗೆ. ಅಲ್ಲ, ಹಲ್ಲು ಹೋಗೋ ವಯಸ್ಸಿನವರಿಗೇ ಮಾಡಿದ ಯೋಜನೆ ಅದು! ಬ್ರಿಟನ್‌ನಲ್ಲಿ 1948ರಲ್ಲಿ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಶುರುವಾದಾಗ ಹಲ್ಲೂ ಅದರೊಳಗಿತ್ತು. ಎಷ್ಟು ವರ್ಷದ ನೋವು ಕೂಡಿಟ್ಟುಕೊಂಡಿದ್ದರೋ, ಜನ ಮುಗಿಬಿದ್ದರು. ಸರ್ಕಾರ ಬೆಚ್ಚಿಬಿತ್ತು. 1951ರಲ್ಲಿ ಹಲ್ಲಿನ ಸೆಟ್ಟಿಗೆ, ಕನ್ನಡಕಕ್ಕೆ ದುಡ್ಡು ತಗೊಳ್ಳೋಕೆ ಹೊರಟಿತು. ಆ ಸೇವೆಯನ್ನೇ ಕಟ್ಟಿದ್ದ ಅನ್ಯೂರಿನ್ ಬೆವನ್ ಸಿಟ್ಟಾಗಿ ಮಂತ್ರಿಗಿರಿಗೆ ರಾಜೀನಾಮೆ ಬಿಸಾಕಿದರು. ನನಗೆ ಈ ಮನುಷ್ಯನ ಮೇಲೆ ವಿಪರೀತ ಪ್ರೀತಿ. ಹಲ್ಲಿನ ಸೆಟ್ಟಿಗೋಸ್ಕರ ಕುರ್ಚಿ ಬಿಟ್ಟ ಮಂತ್ರಿ ಅಂದರೆ ಸುಮ್ನೆನಾ!

ಇನ್ನೂ ಮಜಾ ಏನು ಗೊತ್ತಾ? ಇವತ್ತು ಯಾವ ಆಪರೇಷನ್ ಆದರೂ ಮೊದಲು ಅರಿವಳಿಕೆ ಕೊಡ್ತಾರಲ್ಲ, ಅದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಯಾರು? 1846ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಎಲ್ಲರ ಕಣ್ಣೆದುರಿಗೆ ಈಥರ್ ಕೊಟ್ಟು ರೋಗಿಯನ್ನು ಮಲಗಿಸಿದ ವಿಲಿಯಂ ಮಾರ್ಟನ್ ಒಬ್ಬ ಹಲ್ಲಿನ ಡಾಕ್ಟರು. ಇಡೀ ವೈದ್ಯಕೀಯಕ್ಕೆ ನೋವಿಲ್ಲದ ನಿದ್ದೆ ಕೊಟ್ಟದ್ದು ಹಲ್ಲಿನವರು. ನಿದ್ದೆಯಿಲ್ಲದೆ ಬಿದ್ದುಕೊಂಡಿರೋದು ಹಲ್ಲಿನ ರೋಗಿಗಳು.

ಆ ರಾತ್ರಿಗಳು ಗೊತ್ತಲ್ಲ ನಿಮಗೆ? ಹಗಲು ಹೇಗೋ ಕಳೆದಿರುತ್ತೆ. ಮಲಗಿದ ಕೂಡಲೇ ಶುರು. ಅದಕ್ಕೆ ಕಾರಣ ಇದೆ. ಹಲ್ಲಿನ ಒಳಗೆ ಮೆತ್ತಗಿನ ತಿರುಳು, ಅದರಲ್ಲಿ ನರ, ರಕ್ತನಾಳ. ಬೇರೆ ಕಡೆ ಗಾಯವಾದರೆ ಊದಿಕೊಳ್ಳೋಕೆ ಜಾಗ ಇರುತ್ತೆ. ಇಲ್ಲಿ ಸುತ್ತಲೂ ಕಲ್ಲಿನಂಥ ಗೋಡೆ, ಊದೋಕೂ ಜಾಗ ಇಲ್ಲ. ಮಲಗಿದಾಗ ತಲೆ ಕಡೆ ರಕ್ತದ ಒತ್ತಡ ಏರುತ್ತೆ, ಆಗ ಎದೆಬಡಿತದ ಲೆಕ್ಕಕ್ಕೆ ಸರಿಯಾಗಿ ಹಲ್ಲು ಚಳಕ್ ಚಳಕ್ ಅನ್ನುತ್ತೆ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿದರೆ ಕೊಂಚ ತಡೆಯುತ್ತೆ. ಇದು ನನ್ನ ಸ್ವಂತ ಅನುಭವ, ಪಿಎಚ್‌ಡಿ ಮಟ್ಟದ್ದು.

ಬರೆದೇ ಬಿಡ್ತೀನಿ, ಯಾರಿಗಾದರೂ ಇವತ್ತು ರಾತ್ರಿಗೇ ಬೇಕಾಗಬಹುದು. ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಐಬುಪ್ರೊಫೆನ್ ಆಗಿಬರೋರಿಗೆ ಅದೂ ಪ್ಯಾರಸಿಟಮಾಲೂ ಜೊತೆಗೆ ತಗೊಂಡರೆ ಒಂದೊಂದೇ ತಗೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಮಾತ್ರೆಯ ಚೀಟಿಯಲ್ಲಿ ಬರೆದಷ್ಟೇ, ಖಾಲಿ ಹೊಟ್ಟೆಗೆ ಬೇಡ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರೋರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಬಸುರಿಯರು ಕೇಳದೆ ಐಬುಪ್ರೊಫೆನ್ ಮುಟ್ಟಬೇಡಿ. ಲವಂಗದೆಣ್ಣೆ ಅಜ್ಜಿಮದ್ದು ಅಂತ ನಗಬೇಡಿ. ಅದರಲ್ಲಿರೋ ಯುಜಿನಾಲ್ ಅನ್ನೇ ಡಾಕ್ಟರುಗಳೂ ತಾತ್ಕಾಲಿಕ ಫಿಲ್ಲಿಂಗ್‌ನಲ್ಲಿ ಬಳಸ್ತಾರೆ. ಹತ್ತಿಗೆ ಒಂದು ಹನಿ ಸಾಕು. ಹಾಂ, ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಡೋ ಸಾಹಸ ಮಾತ್ರ ಬೇಡ. ಒಸಡು ಸುಟ್ಟು ಬೆಳ್ಳಗಾಗುತ್ತೆ. ನಾನು ಮಾಡಿ ನೋಡಿದ್ದೀನಿ. ಹಲ್ಲುನೋವಿನ ಜೊತೆ ಒಸಡಿನ ನೋವು ಫ್ರೀ.

ಇನ್ನೊಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಇದೇ ಹಲ್ಲು ನೋಯುವಾಗ ಮನೆಯಲ್ಲಿ ಯಾರದ್ದೋ ಗಂಟಲುನೋವಿಗೆ ತಂದು ಉಳಿದಿದ್ದ ಆಂಟಿಬಯಾಟಿಕ್ ನುಂಗಿದೆ. ನಾಲ್ಕನೇ ದಿನ ನೋವು ಮಾಯ. "ನೋಡಿ, ಖರ್ಚಿಲ್ಲದೆ ವಾಸಿಯಾಯ್ತು" ಅಂತ ಇಲ್ಲೇ ಜಂಬ ಕೊಚ್ಚಿಕೊಂಡಿದ್ದೆ, ನೂರಾರು ಲೈಕು ಬೇರೆ ಬಂದಿತ್ತು. ಆಮೇಲೆ ಗೊತ್ತಾಯ್ತು, ಹಲ್ಲು ವಾಸಿಯಾಗಿರಲಿಲ್ಲ, ಸತ್ತಿತ್ತು. ನರ ಸತ್ತರೆ ನೋವೆಲ್ಲಿಂದ ಬರಬೇಕು? ಊತ, ಜ್ವರ ಇಲ್ಲದ ಬರೀ ಹಲ್ಲುನೋವಿಗೆ ಆ ಮಾತ್ರೆಯಿಂದ ಪ್ರಯೋಜನವೇ ಇಲ್ಲವಂತೆ. ತಿರುಳು ಸತ್ತ ಹಲ್ಲಿನೊಳಗೆ ರಕ್ತ ಹರಿಯೋದಿಲ್ಲ, ಮಾತ್ರೆ ಅಲ್ಲಿಗೆ ಹೋಗೋದಾದರೂ ಹೇಗೆ? ನಾನು ಜಂಬ ಕೊಚ್ಚುತ್ತಿದ್ದಾಗ ಬೇರಿನ ತುದಿಯಲ್ಲಿ ಕೀವು ಸದ್ದಿಲ್ಲದೆ ಸೇರುತ್ತಿತ್ತು.

ಆ ಕೀವು ಹುಡುಗಾಟವಲ್ಲ. ಊತ ಕಣ್ಣಿನ ಕಡೆ ಏರಿದರೆ, ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟವಾದರೆ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಸೀದಾ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ. ಹಲ್ಲಿನಿಂದ ಜೀವ ಹೋಗುತ್ತೆ. ಉತ್ಪ್ರೇಕ್ಷೆ ಅಲ್ಲ.

ಈಗ ಬರುತ್ತೆ ನೋಡಿ ಆ ಕಾಮೆಂಟು. "ದಿನಾ ಎರಡು ಸಲ ಬ್ರಷ್ ಮಾಡಿದ್ದರೆ ಈ ಗತಿ ಬರ್ತಿತ್ತಾ?" ಸರಿ ಸ್ವಾಮಿ, ಒಪ್ಪಿದೆ. ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಬೇಕು, ಸಿಹಿ ಕಡಿಮೆ ಮಾಡಬೇಕು, ಎಲ್ಲಾ ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳೋ ಪ್ರಕಾರ ಲೋಕದಲ್ಲಿ ಸುಮಾರು 350 ಕೋಟಿ ಜನಕ್ಕೆ ಬಾಯಿಯ ಕಾಯಿಲೆಗಳಿವೆ. 350 ಕೋಟಿ ಜನರೂ ಸೋಮಾರಿಗಳಾ? ಸಕ್ಕರೆ ಕಾಯಿಲೆಯವರನ್ನು "ನೀವೇ ತಿಂದಿದ್ದು, ನೀವೇ ಅನುಭವಿಸಿ" ಅಂತ ಯಾವ ಆಸ್ಪತ್ರೆಯೂ ವಾಪಸ್ ಕಳಿಸಲ್ಲ. ಹಲ್ಲುನೋವಿನವನಿಗೆ ಮಾತ್ರ ಮೊದಲು ಬೈಗುಳ, ಆಮೇಲೆ ಬಿಲ್ಲು. ಇನ್ನು ಈ ಉಪದೇಶ ಮಾಡೋರ ಬಾಯಿ ತೆರೆಸಿ ನೋಡಿ, ಅರ್ಧಕ್ಕರ್ಧ ಕ್ಯಾಪ್ ಹೊಳೀತಿರುತ್ತೆ. ದುಡ್ಡಿತ್ತು, ಹಾಕಿಸಿಕೊಂಡರು, ಅಷ್ಟೇ.

ಡಾಕ್ಟರ ಮೇಲೂ ನನಗೆ ಸಿಟ್ಟಿಲ್ಲ. ಆ ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ, ಪ್ರತಿ ರೋಗಿಗೂ ಒತ್ತಡದ ಬಿಸಿ ಹಬೆಯಲ್ಲಿಟ್ಟು ಶುದ್ಧ ಮಾಡಬೇಕಾದ ಸಲಕರಣೆ, ಕ್ಯಾಪ್ ಮಾಡೋ ಲ್ಯಾಬಿನ ಬಿಲ್ಲು. ಒಂದು ಸಣ್ಣ ಆಪರೇಷನ್ ಥಿಯೇಟರನ್ನು ಒಬ್ಬರೇ ಸಾಲ ಮಾಡಿ ನಡೆಸಿದ ಹಾಗೆ. ಆ ಖರ್ಚನ್ನೆಲ್ಲಾ ರೋಗಿಯ ಪರ್ಸಿಗೇ ಬಿಟ್ಟವರ ಮೇಲೆ ನನ್ನ ಸಿಟ್ಟು. ಯಾಕಂದರೆ ಈ ಕಾಯಿಲೆಗೆ ಒಂದು ಕೆಟ್ಟ ಗುಣ ಇದೆ. ಸಣ್ಣ ತೂತು ಇದ್ದಾಗ ಒಂದೇ ಸಲ ಕೂತು ತುಂಬಿಸಿಕೊಂಡು ಎದ್ದು ಬರಬಹುದು. ದುಡ್ಡಿಲ್ಲ ಅಂತ ಮುಂದೂಡಿದರೆ ಅದೇ ರೂಟ್ ಕೆನಾಲ್. ಇನ್ನೂ ಮುಂದೂಡಿದರೆ ಹಲ್ಲೇ ಇಲ್ಲ. ಇಲ್ಲದವನ ಹತ್ತಿರವೇ ಜಾಸ್ತಿ ಕಿತ್ತುಕೊಳ್ಳುತ್ತೆ. ಹಲ್ಲನ್ನೂ, ದುಡ್ಡನ್ನೂ.

ಅಗ್ಗದ ದಾರಿ ಇಲ್ಲವೇ ಇಲ್ಲ ಅಂತಲ್ಲ. ಹಲ್ಲಿನ ಡಾಕ್ಟರ ಓದು ಕಲಿಸೋ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಕಣ್ಣೆದುರಿಗೇ ಕಡಿಮೆ ಖರ್ಚಿಗೆ ಮಾಡಿಕೊಡ್ತಾರೆ. ಹೊತ್ತು ಜಾಸ್ತಿ, ನಾಲ್ಕಾರು ಸಲ ಓಡಾಡಬೇಕು. ದಿನಗೂಲಿಯವರಿಗೆ ಆ ನಾಲ್ಕಾರು ದಿನವೇ ದುಬಾರಿ, ಅದು ಬೇರೆ ಮಾತು. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ಒಂದು ದ್ರಾವಣ ಇದೆ. ಕೊರೆಯೋದೂ ಇಲ್ಲ, ಸೂಜಿಯೂ ಇಲ್ಲ, ಹುಳುಕಿನ ಮೇಲೆ ಹಚ್ಚಿದರೆ ಸಾಕು, ಎಷ್ಟೋ ಸಲ ಹುಳುಕು ಅಲ್ಲಿಗೇ ನಿಲ್ಲುತ್ತೆ. ಹುಳುಕು ತಿರುಳಿಗೆ ಇಳಿಯೋ ಮುಂಚೆ ಹಚ್ಚಬೇಕು, ಹಚ್ಚಿದ ಜಾಗ ಕಪ್ಪಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಿಮಗೆ ಯಾರಾದರೂ ಇದರ ಹೆಸರು ಹೇಳಿದ್ರಾ? ನನಗಂತೂ ಯಾರೂ ಹೇಳಿರಲಿಲ್ಲ. ಬಿಳಿ ಹಲ್ಲಿನ ಜಾಹೀರಾತು ಮಾತ್ರ ದಿನಾ ಕಣ್ಣಿಗೆ ಬೀಳುತ್ತೆ.

ನನ್ನ ಹಲ್ಲಿನ ಕಥೆ ಏನಾಯ್ತು ಅಂತ ಕೇಳ್ತೀರಲ್ಲ? ರೂಟ್ ಕೆನಾಲ್ ಶುರುವಾಯ್ತು, ಕಂತಿನಲ್ಲಿ ಕಟ್ಟೋಕೆ ಒಪ್ಪಿದರು. ಕಂತು ಕೇಳೋಕೆ ನನಗೆ ಬಾಯಿ ಬಂತು. ಆಕೆಗೆ ಬರಲಿಲ್ಲ. ನಾನು ಮರೆಯ ಈಚೆ ಕೂತು ಎಲ್ಲಾ ಕೇಳಿಸಿಕೊಂಡೆ. ಎದ್ದು ಹೋಗಿ "ಕಂತು ಇದೆಯಾ ಕೇಳಿ ಅಕ್ಕ" ಅನ್ನಬಹುದಿತ್ತು. ಅನ್ನಲಿಲ್ಲ. ಬೇರೆಯವರ ವಿಷಯ ನಮಗ್ಯಾಕೆ ಅಂತ ಫೋನ್ ನೋಡ್ತಾ ಕೂತಿದ್ದೆ.

ಆಕೆ ಹತ್ತಿ ಕಚ್ಚಿಕೊಂಡು ಹೊರಗೆ ಬಂದರು. ದುಡ್ಡು ಎಣಿಸಿಕೊಂಡ ಹುಡುಗಿ ಒಳ್ಳೇ ಮನಸ್ಸಿನಿಂದಲೇ ಹೇಳಿದಳು: "ಆ ಜಾಗ ಹಾಗೇ ಖಾಲಿ ಬಿಡಬೇಡಿ, ಪಕ್ಕದ ಹಲ್ಲು ವಾಲುತ್ತೆ. ಗಾಯ ಮಾಗಿದ ಮೇಲೆ ಬಂದು ಹಲ್ಲು ಕಟ್ಟಿಸಿಕೊಳ್ಳಿ."

ಬಾಯಿ ತೆರೆಯೋ ಹಾಗಿರಲಿಲ್ಲ. ಆಕೆ ಹೆಬ್ಬೆರಳಿಗೆ ತೋರುಬೆರಳು ಉಜ್ಜಿ, ಹುಬ್ಬು ಏರಿಸಿ ಕೇಳಿದರು.