ಬಿಪಿ ಬಂತೆಂದು ರಾಕೆಟ್ ಅಟ್ಟ ಸೇರಬೇಕೆ?

‘ಬಿಪಿ ಇದೆ ಅಂತೀರಿ, ಇನ್ನೂ ಟೆನಿಸ್ ಯಾಕೆ ಬೇಕು? ವಾಕಿಂಗ್ ಸಾಕಲ್ವಾ?’ ಅರವತ್ತು ದಾಟಿದ ಮೇಲೂ ಕೋರ್ಟಿಗಿಳಿಯುವ ಹೊರನಾಡ ಕನ್ನಡಿಗರಿಗೆ ಊರಿನ ಫೋನಿನಲ್ಲಿ ಈ ಮಾತು ಕಟ್ಟಿಟ್ಟ ಬುತ್ತಿ. ಅಕ್ಕರೆಯಿಂದಲೇ ಬರುವ ಮಾತು, ಆದರೂ ಚುರುಕ್ಕೆನ್ನುತ್ತದೆ. ಬಿಪಿ ಬಂತು ಎಂದರೆ ಆಟ ಮುಗಿಯಿತು ಎಂಬ ತೀರ್ಪು ಅದರಲ್ಲಿ ಅಡಗಿದೆ. ಆ ತೀರ್ಪು ಕೊಡುವ ಮುನ್ನ ಬಿಪಿ ಎಷ್ಟಿದೆ ಎಂದು ಕೂಡ ಯಾರೂ ಕೇಳಿರುವುದಿಲ್ಲ.

ನಾವು ಬಂದು ನೆಲೆಸಿದ ಇಲ್ಲಿಯವರಿಗೂ ಅದೇ ಬಿಪಿ, ಅವೇ ಮಾತ್ರೆಗಳು. ಕೇಳುವ ಪ್ರಶ್ನೆ ಮಾತ್ರ ಬೇರೆ. ಸಿಂಗಲ್ಸೋ ಡಬಲ್ಸೋ? ವಾರಕ್ಕೆ ಎಷ್ಟು ದಿನ? ಯಾವ ಮಾತ್ರೆ, ಎಷ್ಟು ಹೊತ್ತಿಗೆ? ನಮ್ಮಲ್ಲಿ ‘ಆಡಬಹುದೋ ಬಾರದೋ’ ಎಂದು ಕೇಳಿ ‘ಬೇಡ’ ಎಂದು ಮುಗಿಸುವಲ್ಲಿ, ಇಲ್ಲಿಯವರು ‘ಹೇಗೆ ಆಡಬೇಕು’ ಎಂದು ಶುರುಮಾಡುತ್ತಾರೆ. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಹಿರಿಯರ ಟೂರ್ನಿಗಳಲ್ಲಿ 30 ದಾಟಿದವರಿಂದ ಹಿಡಿದು ಐದೈದು ವರ್ಷಕ್ಕೊಂದು ವಿಭಾಗವಿದೆ, 90 ದಾಟಿದವರಿಗೂ ಒಂದಿದೆ. ಅಲ್ಲಿ ಆಡುವವರೆಲ್ಲ ಬಿಪಿಯೇ ಇಲ್ಲದವರು ಎಂದು ನಂಬುವುದು ಕಷ್ಟ.

ಈ ‘ಹೇಗೆ’ ಎಂಬುದು ಕಣ್ಣಿಗೆ ಕಾಣಬೇಕಾದರೆ ಎಪ್ಪತ್ತೈದರ ಆಸುಪಾಸಿನ ಡಬಲ್ಸ್ ಆಟಗಾರ್ತಿಯೊಬ್ಬರ ಕಿಟ್‌ಬ್ಯಾಗ್ ನೋಡಬೇಕು. ಪಕ್ಕದ ಜೇಬಿನಲ್ಲಿ ಅಂಗೈಯಗಲದ ನೋಟ್‌ಬುಕ್, ಅದರ ಸುರುಳಿಗೆ ಸಿಕ್ಕಿಸಿದ ಮೋಟು ಪೆನ್ಸಿಲ್. ಪುಟಕ್ಕೆ ಮೂರು ಸಾಲು: ದಿನ ಮತ್ತು ಹೊತ್ತು, ರೀಡಿಂಗ್, ಆಟ. ಮೂರನೆಯ ಸಾಲಿನಲ್ಲಿ ‘2 ಸೆಟ್, ಬಿಸಿಲು, ಎದ್ದಾಗ ತಲೆ ತಿರುಗಿತು’ ಎಂದು ಬರೆದಿದ್ದರೆ, ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಬದಲಿಸಲು ಆಧಾರ ಸಿಗುತ್ತದೆ. ನಮ್ಮವರು ಡಾಕ್ಟರ ಮುಂದೆ ಕೂತು ‘ಒಮ್ಮೊಮ್ಮೆ ಸುಸ್ತು’ ಎಂದಷ್ಟೇ ಹೇಳುತ್ತಾರೆ. ಅಷ್ಟರಿಂದ ಪಾಪ ಯಾವ ಡಾಕ್ಟರಿಗೆ ಏನು ತಿಳಿದೀತು?

ಅಳೆಯುವುದಕ್ಕೂ ಒಂದು ಶಿಸ್ತು ಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲಕ್ಕೆ, ಕಾಲು ಮೇಲೆ ಕಾಲು ಹಾಕಬಾರದು, ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಬೇಕು, ಪಟ್ಟಿ ಬರಿ ತೋಳಿಗೆ ಕಟ್ಟಬೇಕು. ಹಿಂದಿನ ಅರ್ಧ ಗಂಟೆ ಕಾಫಿ ಇಲ್ಲ, ವ್ಯಾಯಾಮ ಇಲ್ಲ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ಬೆಳಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಹೀಗೆ ಏಳು ದಿನ ಬರೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಮನೆಯಲ್ಲಿ ಬಂದ 135/85 ಎಂಬುದು ಕ್ಲಿನಿಕ್ಕಿನ 140/90ಕ್ಕೆ ಸಮ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಸಂಖ್ಯೆ ಸುಮ್ಮನೆ ಮೇಲೇರುತ್ತದೆ. ರಾಕೆಟ್ ಹಿಡಿಯುವ ತೋಳು ದಪ್ಪಗಿರುವವರು ಎರಡೂ ತೋಳನ್ನು ಒಮ್ಮೆ ನೋಡಿ, ಹೆಚ್ಚು ತೋರಿಸುವ ಕಡೆಯಲ್ಲೇ ಮುಂದುವರಿಯಬೇಕು.

ಆಟ ಮುಗಿಸಿ ಏದುಸಿರು ಬಿಡುತ್ತಲೇ ಬೆಂಚಿನ ಮೇಲೆ ಪಟ್ಟಿ ಸುತ್ತಿಕೊಳ್ಳುವುದು ದೊಡ್ಡ ತಪ್ಪು. ಆಟದಲ್ಲಿ ಓಡುವಾಗ ಮೇಲಿನ ಸಂಖ್ಯೆ 180 ಮುಟ್ಟುವುದು ಸಹಜ, ರಕ್ತ ಸ್ನಾಯುಗಳಿಗೆ ನುಗ್ಗಬೇಕಲ್ಲ. ಆಮೇಲೆ ಅದು ಮೊದಲಿಗಿಂತ ಕೆಳಗಿಳಿದು ಕೆಲವು ಗಂಟೆ ಹಾಗೇ ಇರುತ್ತದೆ. ಆ ಇಳಿತವೇ ಆಟದಿಂದ ಸಿಗುವ ಲಾಭ. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು ಮರುದಿನ ಬೆಳಗಿನ ರೀಡಿಂಗ್.

ಓಟದಿಂದ ಏರುವ ಬಿಪಿಗೂ ಬಿಗಿತದಿಂದ ಏರುವ ಬಿಪಿಗೂ ಅಜಗಜಾಂತರ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಐವರು ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಅಳತೆ ಇಟ್ಟು ನೋಡಿದರು. ಎರಡೂ ಕಾಲಿನಿಂದ ಭಾರ ದೂಡುವಾಗ ಸರಾಸರಿ 320/250 ಬಂತು! ಶಕ್ತಿಯೆಲ್ಲ ಹಾಕಿ ದೂಡುವುದರ ಜೊತೆ ಉಸಿರು ಬಿಗಿಹಿಡಿದದ್ದೂ ಅದಕ್ಕೆ ಕಾರಣ. ಟೆನಿಸ್‌ನಲ್ಲಿ ಇದರ ಚಿಕ್ಕ ರೂಪ ಸರ್ವ್ ಮಾಡುವಾಗ ಕಾಣುತ್ತದೆ. ಚೆಂಡು ಮೇಲೆಸೆದು, ಹಲ್ಲು ಕಚ್ಚಿ, ಉಸಿರು ಕಟ್ಟಿ ಬಾರಿಸುವವರನ್ನು ಗಮನಿಸಿ, ಕತ್ತಿನ ನರ ಉಬ್ಬಿರುತ್ತದೆ. ಚೆಂಡು ಮೇಲೇರುವಾಗ ಉಸಿರು ಒಳಗೆ, ತಂತಿಗೆ ತಾಗುವಾಗ ‘ಹಾ’ ಎಂದು ಹೊರಗೆ. ಮುಷ್ಟಿಯ ಬಿಗಿಯೂ ಅಷ್ಟೇ ಮುಖ್ಯ. ಹತ್ತರಲ್ಲಿ ನಾಲ್ಕರಷ್ಟು ಬಿಗಿ ಸಾಕು, ಹೊಡೆಯುವ ಕ್ಷಣಕ್ಕೆ ಕೈ ತಾನೇ ಬಿಗಿಯುತ್ತದೆ. ಎರಡು ಪಾಯಿಂಟುಗಳ ನಡುವೆ ನಿಯಮ ಕೊಡುವ 25 ಸೆಕೆಂಡಿನಲ್ಲಿ ರಾಕೆಟ್ಟನ್ನು ಇನ್ನೊಂದು ಕೈಗೆ ದಾಟಿಸಿ, ಹಿಂದಿನ ಬೇಲಿಯವರೆಗೆ ನಡೆದು, ಎರಡು ಸಲ ದೀರ್ಘವಾಗಿ ಉಸಿರು ಬಿಟ್ಟು ಬನ್ನಿ.

ಅದೇ ಬಿಗಿತವನ್ನು ಹದವಾಗಿ ಬಳಸಿದರೆ ಔಷಧವೂ ಆಗುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ನಿಲ್ಲುವುದು: ಎರಡು ನಿಮಿಷ ನಿಲ್ಲಬೇಕು, ಎರಡು ನಿಮಿಷ ವಿಶ್ರಾಂತಿ, ಹೀಗೆ ನಾಲ್ಕು ಸುತ್ತು, ವಾರಕ್ಕೆ ಮೂರು ದಿನ. 270 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ವಿಶ್ರಾಂತಿಯ ಬಿಪಿ ಇಳಿಸುವುದರಲ್ಲಿ ಈ ಬಗೆಯ ವ್ಯಾಯಾಮವೇ ಎಲ್ಲಕ್ಕಿಂತ ಮುಂದಿತ್ತು. ತೊಡೆ ನೆಲಕ್ಕೆ ಸಮನಾಗಿರಲೇಬೇಕು ಎಂಬ ಹಟ ಬೇಡ. ಮಂಡಿ ನೋವಿದ್ದರೆ ಸೊಂಟ ಸ್ವಲ್ಪ ಮೇಲಿರಲಿ. ನಿಂತಷ್ಟು ಹೊತ್ತೂ ಮಾತಾಡುತ್ತಿರಲು ಆಗಬೇಕು, ಮಾತು ನಿಂತರೆ ಉಸಿರು ಕಟ್ಟಿದೆ ಎಂದೇ ಅರ್ಥ.

ನಮ್ಮವರು ಪೂರ್ತಿ ಕಡೆಗಣಿಸುವುದು ಮಾತ್ರೆಯ ಹೆಸರನ್ನು. ‘ಬಿಪಿ ಮಾತ್ರೆ’ ಎಂದರೆ ಮುಗಿಯಿತು. ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರ ನಾಡಿ ಒಂದು ಮಟ್ಟದ ಮೇಲೆ ಏರುವುದೇ ಇಲ್ಲ. ಅಂಥವರು ಕೈಗಡಿಯಾರ ತೋರಿಸುವ ನಾಡಿಯನ್ನು ನಂಬಿ ‘ಇನ್ನೂ ಏರಿಲ್ಲ’ ಎಂದು ಓಡಿದರೆ ಬಳಲಿ ಬೀಳುತ್ತಾರೆ. ಪೂರ್ತಿ ವಾಕ್ಯ ಆಡಲು ಆಗುತ್ತಿದೆಯೇ ಎಂದು ನೋಡಿಕೊಳ್ಳುವುದೇ ಅವರಿಗೆ ಸರಿಯಾದ ಅಳತೆ. ಕ್ಲೋರ್ತಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್‌ನಂಥವು ಮೂತ್ರದಲ್ಲಿ ನೀರು, ಉಪ್ಪು, ಪೊಟ್ಯಾಸಿಯಂ ಹೊರಹಾಕುತ್ತವೆ. ಬಿಸಿಲಲ್ಲಿ ಬೆವರೂ ಸೇರಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಎದ್ದರೆ ತಲೆ ತಿರುಗುತ್ತದೆ. ಆಮ್ಲೋಡಿಪಿನ್ ರಕ್ತನಾಳ ಹಿಗ್ಗಿಸುತ್ತದೆ. ಆಟ ಮುಗಿದೊಡನೆ ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲಾಗಬಹುದು. ಕೊನೆಯ ಪಾಯಿಂಟಿನ ನಂತರ ಐದರಿಂದ ಹತ್ತು ನಿಮಿಷ ನಡೆಯಲೇಬೇಕು, ಬಿಸಿನೀರಿನ ಸ್ನಾನ ಅದಾದ ಮೇಲೆ. ಇದೇ ಮಾತ್ರೆಯಿಂದ ಕೆಲವರಿಗೆ ಕಣಕಾಲು ಊದಿ ಶೂ ಬಿಗಿಯಾಗುವುದೂ ಉಂಟು. ಹೊಸ ಶೂ ಕೊಳ್ಳುವ ಮುಂಚೆ ಡಾಕ್ಟರಿಗೆ ಕಾಲು ತೋರಿಸಿ.

ಬಾಗಿ ಚೆಂಡು ಹೆಕ್ಕಿ ಥಟ್ಟನೆ ಏಳುವುದೂ ತಲೆ ತಿರುಗುವುದಕ್ಕೆ ದಾರಿ. ಶೂವಿನ ಬದಿಗೂ ರಾಕೆಟ್ಟಿಗೂ ನಡುವೆ ಚೆಂಡು ಒತ್ತಿ ಮೇಲೆತ್ತಿಕೊಂಡರೆ ಸೊಂಟವನ್ನು ಅಷ್ಟು ಬಗ್ಗಿಸಬೇಕಾಗಿಲ್ಲ. ತಲೆಯ ಮೇಲೆ ಹೋಗುವ ಲಾಬ್ ಹಿಡಿಯಲು ಹಿಮ್ಮುಖವಾಗಿ ಓಡುವುದಂತೂ ಈ ವಯಸ್ಸಿಗೆ ಸಲ್ಲದು. ಮೊದಲು ಪಕ್ಕಕ್ಕೆ ತಿರುಗಿ, ಕಾಲು ದಾಟಿಸುತ್ತ ಹೋಗಬೇಕು. ಆಗದಿದ್ದರೆ ‘ನಿಮ್ಮದು’ ಎಂದು ಜೊತೆಗಾರರಿಗೆ ಬಿಡಬೇಕು.

ನೀರಿನ ಬದಲು ಓಆರ್‌ಎಸ್ ಕುಡಿಯುವ ರೂಢಿ ಎರಡೂ ಕಡೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಲೀಟರಿನಲ್ಲಿರುವ ಸೋಡಿಯಂ ಸುಮಾರು 4.4 ಗ್ರಾಂ ಉಪ್ಪಿಗೆ ಸಮ. ಅದೇ ಸಂಸ್ಥೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ. ಅದು ಭೇದಿಯಿಂದ ಬಳಲಿದವರಿಗೆಂದು ಮಾಡಿದ್ದು, ಒಂದು ಗಂಟೆಯ ಡಬಲ್ಸ್‌ಗೆ ಬರಿ ನೀರು ಸಾಕು.

ರಾಕೆಟ್ಟಿನ ತಂತಿಗೂ ಬಿಪಿಗೂ ಏನು ಸಂಬಂಧ ಎಂದು ಕೇಳಬಹುದು. ಇದೆ. ಬಿರುಸಾದ ಪಾಲಿಯೆಸ್ಟರ್ ತಂತಿಯನ್ನು ಬಿಗಿಯಾಗಿ ಕಟ್ಟಿಸಿದರೆ ಪೆಟ್ಟೆಲ್ಲ ಮೊಣಕೈಗೆ ಬರುತ್ತದೆ. ಮೊಣಕೈ ನೋವಿಗೆ ಐಬುಪ್ರೊಫೇನ್, ಡಿಕ್ಲೋಫೆನಾಕ್ ನುಂಗುತ್ತಾರೆ. ಅವು ಮೂತ್ರಪಿಂಡದಲ್ಲಿ ಉಪ್ಪು ನೀರು ಹಿಡಿದಿಟ್ಟು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕುಂದಿಸುತ್ತವೆ. ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಎಂಬ ಬಿಪಿ ಮಾತ್ರೆಯ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದು, ಮೇಲೆ ನೋವಿನ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೇ ಪೆಟ್ಟು. ಬೆವರಿ ಒಣಗಿದ ದಿನ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಹಲವು ಎಳೆ ಸೇರಿಸಿದ ಮೆತ್ತನೆಯ ಮಲ್ಟಿಫಿಲಮೆಂಟ್ ತಂತಿ ಹಾಕಿಸಿ, ಬಿಗಿಯನ್ನು ಒಂದೆರಡು ಕಿಲೋ ಇಳಿಸಿ. ರಾಕೆಟ್ಟಿನ ಹಿಡಿ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗ ಇರಬೇಕು. ನೋವು ಶುರುವಾಗಿದ್ದರೆ ಅಂಗೈ ಕೆಳಮುಖ ಮಾಡಿ, ಒಂದು ಕಿಲೋ ಭಾರವನ್ನು ಇನ್ನೊಂದು ಕೈಯ ನೆರವಿನಿಂದ ಎತ್ತಿ, ನಿಧಾನ ಇಳಿಸಿ: 15ರಂತೆ ಮೂರು ಸುತ್ತು.

ಕೋರ್ಟಿಗೆ ಬಂದವರೇ ಸರ್ವ್‌ಗೆ ನಿಲ್ಲುವ ಅವಸರ ಬಿಡಬೇಕು. ಐದು ನಿಮಿಷ ಬಿರುಸು ನಡಿಗೆ, ಕೋರ್ಟಿನ ಹಿಂದಿನ ಗೆರೆಯಾದ ಬೇಸ್‌ಲೈನ್ ಉದ್ದಕ್ಕೂ ಅಡ್ಡ ಹೆಜ್ಜೆ, ಐದು ನಿಮಿಷ ನೆಟ್ಟಿನ ಪಕ್ಕದ ಸರ್ವಿಸ್ ಬಾಕ್ಸಿನೊಳಗೇ ಮೆಲ್ಲನೆ ಆಟ, ಅರ್ಧ ಬಲದಲ್ಲಿ ಎಂಟು ಹತ್ತು ಸರ್ವ್. ತಣ್ಣಗಿರುವ ಮೈಯಲ್ಲಿ ಒಮ್ಮೆಲೇ ಚಿಮ್ಮಿದರೆ ಬಿಪಿ ನೆಗೆಯುತ್ತದೆ, ಮೀನಖಂಡವೂ ಹರಿಯುತ್ತದೆ. ಆ ಗಾಯಕ್ಕೆ ‘ಟೆನಿಸ್ ಲೆಗ್’ ಎಂದೇ ಹೆಸರಿದೆ.

ಇಷ್ಟೆಲ್ಲ ಹೇಳಿದ ಮೇಲೆ ಊರಿನವರ ಮಾತಿಗೂ ಬೆಲೆ ಕೊಡಬೇಕಾದ ಕಡೆಗಳಿವೆ. ವಿಶ್ರಾಂತಿಯಲ್ಲೇ 180/110 ದಾಟಿದವರು ಆಡಲೇಕೂಡದು, ಡಾಕ್ಟರನ್ನು ಕಾಣಬೇಕು. ಎದೆ ಹಿಂಡಿದಂತಾದರೆ, ದವಡೆಗೋ ತೋಳಿಗೋ ನೋವು ಹರಿದರೆ, ಎಂದಿನದಕ್ಕಿಂತ ಬೇಗ ಏದುಸಿರು ಬಂದರೆ ಆ ಗೇಮ್ ಮುಗಿಸಿಯೇ ಹೋಗೋಣ ಎನ್ನಬಾರದು. ವರ್ಷಗಟ್ಟಲೆ ಕೂತಿದ್ದವರು ಪರೀಕ್ಷೆ ಮಾಡಿಸದೆ ಸಿಂಗಲ್ಸ್‌ಗೆ ಧುಮುಕುವುದು ತಪ್ಪು. ಅಂಥವರಿಗೆ ಮೊದಲ ಮೂರು ತಿಂಗಳು ‘ವಾಕಿಂಗ್ ಸಾಕು’ ಎಂಬುದೇ ಸರಿಯಾದ ಸಲಹೆ. ಇಲ್ಲಿಯವರ ಅಳೆಯುವ ಹುಚ್ಚೂ ಒಮ್ಮೊಮ್ಮೆ ಅತಿಯಾಗುತ್ತದೆ. ದಿನಕ್ಕೆ ಹತ್ತು ಸಲ ಪಟ್ಟಿ ಕಟ್ಟಿ, ಬಂದ ಸಂಖ್ಯೆ ನೋಡಿ ಗಾಬರಿಯಾಗಿ, ಆ ಗಾಬರಿಗೇ ಬಿಪಿ ಏರಿಸಿಕೊಳ್ಳುವವರಿದ್ದಾರೆ.

ಟೆನಿಸ್ ಪರವಾಗಿ ಎಲ್ಲರೂ ಎತ್ತಿ ಹೇಳುವ ಕೋಪನ್‌ಹೇಗನ್ ಅಧ್ಯಯನದಲ್ಲೂ ಇನ್ನೊಂದು ಮಾತಿದೆ. 8,577 ಜನರನ್ನು 25 ವರ್ಷದವರೆಗೂ ಗಮನಿಸಿ 2018ರಲ್ಲಿ ಪ್ರಕಟಿಸಿದ ಆ ಲೆಕ್ಕದಲ್ಲಿ, ಕೂತೇ ಇರುವವರಿಗಿಂತ ಟೆನಿಸ್ ಆಡುವವರ ಆಯುಸ್ಸು 9.7 ವರ್ಷ ಹೆಚ್ಚು, ಜಾಗಿಂಗ್ ಮಾಡುವವರದು 3.2 ವರ್ಷ. ಆಟವೇ ಇದಕ್ಕೆ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ನಾಲ್ಕು ಜನರ ಒಡನಾಟ ಇರುವ ಆಟಗಳೇ ಮುಂದಿವೆ ಎಂಬುದನ್ನು ಸಂಶೋಧಕರೇ ಗುರುತಿಸಿದ್ದಾರೆ. ಇಲ್ಲಿ ನಾಲ್ಕನೆಯವರು ಸಿಗದೆ ಎಷ್ಟೋ ಬೆಳಗುಗಳಲ್ಲಿ ಡಬಲ್ಸ್ ಕೋರ್ಟ್ ಖಾಲಿ ಬಿದ್ದಿರುತ್ತದೆ. ಊರಿನಲ್ಲಿ ವಾಕಿಂಗಿಗೂ ಆರು ಜನ ಬಾಗಿಲಿಗೆ ಬಂದು ಕೂಗುತ್ತಾರೆ, ಒಂದು ದಿನ ತಪ್ಪಿಸಿದರೆ ‘ಯಾಕೆ ಬರಲಿಲ್ಲ, ಮೈ ಸರಿಯಿಲ್ವಾ’ ಎಂದು ಮಧ್ಯಾಹ್ನದೊಳಗೆ ಇಬ್ಬರಾದರೂ ವಿಚಾರಿಸುತ್ತಾರೆ. ಅದನ್ನು ಬರೆದುಕೊಳ್ಳಲು ಆ ನೋಟ್‌ಬುಕ್ಕಿನಲ್ಲಿ ಸಾಲಿಲ್ಲ.