ಅಪ್‌ಲೋಡ್ ಲೆಕ್ಕ ಬಿಟ್ಟೀರಲ್ರಿ

ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ, ಐಸ್‌ಕಾಸ್ಟ್ (ನೆಟ್ಟಿನ ಮ್ಯಾಲೆ ದನಿ ಪ್ರಸಾರ ಮಾಡೋ ಸಾಫ್ಟ್‌ವೇರ್) ಕೂಡ್ರಿಸಿದ್ರ ಮನ್ಯಾಗ ನೆಟ್ ರೇಡಿಯೊ ನಡೀತೈತಿ ಅಂತ ಲೇಖನದಾಗ ಬರದೀರಿ. ಖರೇನ. ಆದ್ರ ಕೇಳೋರು ಎಷ್ಟು ಮಂದಿ ಅನ್ನೋದನ್ನ ಹಿಡದಿಲ್ಲ. ಐಸ್‌ಕಾಸ್ಟ್ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಪ್ರತಿ ಕಳಸ್ತೈತಿ. 128 ಕೆಬಿಪಿಎಸ್ ಎಂಪಿ3 ಇಟ್ರ 50 ಮಂದಿಗೆ 6.4 ಎಂಬಿಪಿಎಸ್ ಅಪ್‌ಲೋಡ್ ಬೇಕು. ಬರೇ ಮಾತುಕತಿ ಆದ್ರ ಓಪಸ್‌ನಾಗ (ಎಂಪಿ3 ಹಂಗ ಇನ್ನೊಂದು ದನಿ ಫಾರ್ಮ್ಯಾಟ್) 32 ಕೆಬಿಪಿಎಸ್ ಸಾಕು, ಅಷ್ಟ ಮಂದಿಗೆ 1.6 ಎಂಬಿಪಿಎಸ್‌ಗೆ ಇಳೀತೈತಿ.

ನಮ್ಮ ಬಾಗಲಕೋಟಿ ಕಡೆ ಇನ್ನೊಂದು ತ್ರಾಸ ಅಂದ್ರ ಕರೆಂಟು. ಕಂಪ್ಯೂಟರ್‌ಗೆ ಯುಪಿಎಸ್ ಇದ್ದು ರೌಟರ್ ಆರಿದ್ರ ಏನ ಉಪಯೋಗ? ಎರಡಕ್ಕೂ ಹಚ್ಚರಿ. ಲಿಕ್ವಿಡ್‌ಸೋಪ್‌ನಾಗ (ಐಸ್‌ಕಾಸ್ಟ್‌ಗೆ ಕಾರ್ಯಕ್ರಮ ಜೋಡಿಸಿ ಕಳಸೋ ಸಾಫ್ಟ್‌ವೇರ್) ಫಾಲ್‌ಬ್ಯಾಕ್, ಅಂದ್ರ ಬದಲಿ ವ್ಯವಸ್ಥಾ, ಬರದಿಟ್ರ, ನೇರ ಪ್ರಸಾರ ಕಡದ್ರೂ ತಾನ ಭಜನಿ ಪದದ ಪಟ್ಟಿಗೆ ಹೊಳ್ಳತೈತಿ. (ನಮ್ಮ ಕೇಳುಗರಿಗೆ ನನ್ನ ಮಾತಿಗಿಂತ ಅದ ಛಲೋ ಅನಸ್ತೈತಿ, ಆ ಮಾತು ಬ್ಯಾರೆ.)

ಭಾಳ ಮಂದಿ ನೆಟ್ಟು ಸಿಜಿನ್ಯಾಟ್ ಹಿಂದ ಇರ್ತೈತಿ; ಅಂದ್ರ ನೆಟ್ ಕಂಪನಿ ಒಂದ ಐಪಿ ವಿಳಾಸನ ಭಾಳ ಮನಿಗಳಿಗೆ ಹಂಚ್ತೈತಿ, ಮನೀಗೆ ಹೊರಗಿಂದ ಮುಟ್ಟೋ ಸ್ವಂತ ಪಬ್ಲಿಕ್ ಐಪಿ ಇರಂಗಿಲ್ಲ. ರೌಟರ್‌ನಾಗ ಐಸ್‌ಕಾಸ್ಟ್‌ನ 8000 ನಂಬರಿನ ಪೋರ್ಟ್ (ಒಳಗ ಬರೋ ಬಾಗಲಾ) ತೆಗದ್ರೂ ಹೊರಗಿನವ್ರು ಒಳಗ ಬರಾಕ ಆಗೂದಿಲ್ಲ. ಅಂಥವ್ರು ಐಸ್‌ಕಾಸ್ಟನ್ನ ಬಾಡಿಗಿ ಸರ್ವರ್‌ನಾಗ ಇಟ್ಟು, ಮನಿಯಿಂದ ಒಂದ ಸ್ಟ್ರೀಮ್ ಕಳಸ್ರಿ; ಅಪ್‌ಲೋಡ್ ಚಿಂತಿನೂ ಹೋಗ್ತೈತಿ. ಐಸ್‌ಕಾಸ್ಟ್ ಜೋಡಿ ಬರೋ ಮಾದರಿ ಕಾನ್ಫಿಗ್ ಫೈಲ್‌ನಾಗಿನ 'ಹ್ಯಾಕ್‌ಮಿ' ಪಾಸ್‌ವರ್ಡ್ ಮಾತ್ರ ಮದ್ಲ ಬದಲಿ ಮಾಡ್ರಿ ಸರ.