ಕಷ್ಟ ಬಂದರೆ ಪಾಪವೇ ಕಾರಣವಾ?

ನೀತಿಯಿಂದ ನಡೆಯುವವರಿಗೆ ಕಾಯಿಲೆ, ಸೋಲು ಬರಲ್ಲ, ಬಂದರೆ ಎಲ್ಲೋ ಪಾಪ ಅಡಗಿದೆ, ಸೈತಾನ ಒಳಗೆ ನುಗ್ಗಿದ್ದಾನೆ ಅನ್ನೋ ಮೆಸೇಜ್ ಆಗಾಗ ಓಡಾಡುತ್ತಿರುತ್ತದೆ. ಬೈಬಲ್ ಹೀಗೆ ಹೇಳುವುದಿಲ್ಲ. ಬೈಬಲಿನ ಯೋಬನ ಪುಸ್ತಕದ ಮೊದಲ ಅಧ್ಯಾಯವೇ ಯೋಬನನ್ನು ನಿರ್ದೋಷಿ ಅನ್ನುತ್ತದೆ, ಆದರೂ ಅವನು ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಯಾರ ಪಾಪ ಎಂದು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದರು ಯೇಸು (ಯೋಹಾನ 9:3).

ಇಂಥ ಮೆಸೇಜಿನಲ್ಲಿ ಜಾಸ್ತಿ ಕಾಣೋದು ಎಫೆಸದ ಸಭೆಗೆ ಅಪೊಸ್ತಲ ಪೌಲ ಬರೆದ ಪತ್ರದ 6ನೇ ಅಧ್ಯಾಯದ ‘ದೇವರ ಸರ್ವಾಯುಧ’, ಅಂದರೆ ಸೈತಾನನನ್ನು ಎದುರಿಸಲು ದೇವರು ಕೊಡುವ ಆಯುಧಗಳು. ಒಂದೇ ಸಾಲಿಗೆ ನಿಲ್ಲದೆ 10ರಿಂದ 20ನೇ ವಚನದವರೆಗೆ ಓದಿ ನೋಡಿ. ಅಲ್ಲಿರುವ ಆಯುಧಗಳು ಸತ್ಯ, ನೀತಿ, ನಂಬಿಕೆಯಂಥವು, ಮತ್ತು ಕೊನೆಯಲ್ಲಿ ಪೌಲ ತಾನು ಬೇಡಿಯಲ್ಲಿದ್ದೇನೆ ಅನ್ನುತ್ತಾನೆ! ಅಂದರೆ ಇದನ್ನು ಬರೆದವನಿಗೇ ಕಷ್ಟ ತಪ್ಪಿರಲಿಲ್ಲ.

ಕಳಿಸುವವರು ಒಳ್ಳೆ ಮನಸ್ಸಿನಿಂದಲೇ ಕಳಿಸುತ್ತಾರೆ. ಆದರೆ ಹಾಸಿಗೆ ಹಿಡಿದವರಿಗೆ ಈ ಮಾತು ಎಷ್ಟು ನೋಯುತ್ತದೆ, ಅಲ್ವಾ? ಅಧ್ಯಾಯ, ವಚನ ಇಲ್ಲದಿದ್ದರೆ ‘ಇದು ಎಲ್ಲಿದೆ?’ ಅಂತ ಮೆಲ್ಲಗೆ ಕೇಳಿ.